ಕಡೆಯ ಎರಡು ಶನಿವಾರ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದ ಈಮೇಲನ್ನು ಸುಗುಣಾ ಮೂರು ಸಲ ಓದಿದಳು. ಇಂಗ್ಲಿಷು ತಿಳಿಯದೆ ಅಲ್ಲ, ಇಷ್ಟು ದೊಡ್ಡ ವಿಷಯವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಾರೆ ಎಂದು ನಂಬಲಾಗದೆ. ಫೆಲೋಶಿಪ್ಪಿಗೆ ಬರುತ್ತಿದ್ದ ಅನುದಾನ ರದ್ದಾಗಿದೆ. ಏಪ್ರಿಲ್ ಹದಿನೈದರ ನಂತರದ ಯಾವ ಖರ್ಚನ್ನೂ ಭರಿಸಲಾಗುವುದಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲ. ಇಷ್ಟು ದಿನದ ಸೇವೆಗೆ ಧನ್ಯವಾದ.

ಬೇ ಏರಿಯಾದ ಹೇವರ್ಡಿನಲ್ಲಿದ್ದ ಆ ಆಫೀಸು ಎಂದರೆ ಒಂದು ಲಾಂಡ್ರಿಯ ಮೇಲಿನ ಮೂರು ಕೋಣೆ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು ತಿರುಗಿದಾಗ ಮೇಲಿನ ಮೇಜುಗಳು ಸಣ್ಣಗೆ ನಡುಗುತ್ತಿದ್ದವು. ಏಳು ವರ್ಷದಿಂದ ಸುಗುಣಾ ಅಲ್ಲಿ ಕೋಆರ್ಡಿನೇಟರು. ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೋ ಮನೆಗಳಿಂದ ಬಂದು, ಕ್ಲಿನಿಕ್ಕುಗಳಲ್ಲಿ ದುಭಾಷಿಗಳಾಗಿಯೋ ರಿಸೆಪ್ಷನ್ನಿನಲ್ಲಿ ಕೂತೋ ವರ್ಷಗಟ್ಟಲೆ ದುಡಿದವರಲ್ಲಿ ಹನ್ನೆರಡು ಜನರನ್ನು ಆರಿಸಿ, ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಓದಿಸುವುದು ಫೆಲೋಶಿಪ್ಪಿನ ಕೆಲಸ. ಫೀಸು ಫೆಲೋಶಿಪ್ಪಿನದು, ತಿಂಗಳ ಸ್ಟೈಪೆಂಡೂ ಅದರದೇ. ಓದು ಮುಗಿದ ಮೇಲೆ ಅವರು ತಮ್ಮ ಜನರ ನಡುವೆಯೇ ಎರಡು ವರ್ಷ ಆರೋಗ್ಯ ಇಲಾಖೆಯಲ್ಲಿ ದುಡಿಯಬೇಕು. ರೋಗಿಯ ಭಾಷೆ ಗೊತ್ತಿರುವವರು ಬಾಗಿಲಲ್ಲಿ ಮಾತ್ರ ಇದ್ದರೆ ಸಾಲದು, ತೀರ್ಮಾನ ಮಾಡುವ ಕೋಣೆಯ ಒಳಗೂ ಇರಬೇಕು ಎಂಬ ಆಸೆಯಿಂದ ಯಾರೋ ಶುರುಮಾಡಿದ್ದು.

ಇದಕ್ಕೂ ಚನ್ನರಾಯಪಟ್ಟಣದ ಹೆಂಗಸಿಗೂ ಏನು ಸಂಬಂಧ ಎಂದು ಫ್ರೀಮಾಂಟಿನ ಕನ್ನಡದವರು ಕೇಳುವುದಿತ್ತು. ಸಂಬಂಧ ತಾನಾಗಿ ಬೆಳೆದದ್ದು. ಮದುವೆಗೆ ಮೊದಲು ಸುಗುಣಾ ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಳು. ದಿನವೆಲ್ಲ ಕಫದ ಸ್ಲೈಡು ನೋಡಿ ಕ್ಷಯ ಇದೆ, ಇಲ್ಲ ಎಂದು ಬರೆಯುತ್ತಿದ್ದವಳು. ಜಯರಾಮನ ಕೈಹಿಡಿದು ಇಲ್ಲಿಗೆ ಬಂದ ಮೇಲೆ, ಗಂಡನ ವೀಸಾದ ಮೇಲೆ ಬಂದವರು ಕೆಲಸ ಮಾಡುವಂತಿಲ್ಲವೆಂದು ಒಂಬತ್ತು ವರ್ಷ ಮನೆಯಲ್ಲಿ ಕೂತಳು. ಗ್ರೀನ್ ಕಾರ್ಡು ಬಂದ ವಾರವೇ ಹೇವರ್ಡಿನ ಲಸಿಕೆ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋದಳು. ಸಾಲಿನಲ್ಲಿ ಮಗು ಎತ್ತಿಕೊಂಡು ನಿಂತ ತಾಯಂದಿರಿಂದಲೇ ಸ್ಪ್ಯಾನಿಷ್ ಕಲಿತಳು. ವ್ಯಾಕರಣ ಇಂದಿಗೂ ಸೊಟ್ಟ. ಆದರೆ ಎಲ್ಲಿ ನೋವು, ಎಷ್ಟು ದಿನದಿಂದ, ಹೆದರಬೇಡ ಎಂಬ ಮೂರು ಮಾತನ್ನು ಅವಳಷ್ಟು ಚೆನ್ನಾಗಿ ಆಡುವವರು ಆ ಆಫೀಸಿನಲ್ಲಿ ಇರಲಿಲ್ಲ. ಫೆಲೋಗಳು ಅವಳನ್ನು ‘ಡೋನ್ಯಾ ಸುಗು’ ಎನ್ನುತ್ತಿದ್ದರು. ನಮ್ಮ ಕಡೆ ಸುಗುಣಮ್ಮನವರೇ ಎಂದ ಹಾಗೆ.

ನಿರ್ದೇಶಕಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ವಕೀಲರೊಂದಿಗೆ ಮಾತಾಡುತ್ತಿದ್ದಳು. ಹನ್ನೆರಡು ಜನರಿಗೆ ವಿಷಯ ತಿಳಿಸುವುದು ಸುಗುಣಾಳ ಪಾಲಿಗೆ ಬಂತು. ಮೊದಲು ಫೋನು ಎತ್ತಿದವನು ನಕ್ಕುಬಿಟ್ಟ. “ಡೋನ್ಯಾ ಸುಗು, ಇವತ್ತು ಏಪ್ರಿಲ್ ಒಂದು ಅಂತ ನನಗೂ ಗೊತ್ತು” ಅಂದ. ಅದು ಏಪ್ರಿಲ್ ಒಂದೇ ಆಗಿತ್ತು. ತಮಾಷೆಯಲ್ಲ ಎಂದು ಸುಗುಣಾ ಅವನಿಗೆ ಎರಡು ಸಲ ಹೇಳಬೇಕಾಯಿತು. ಇನ್ನೊಬ್ಬಳು ಅರ್ಧಕ್ಕೇ ಫೋನಿಟ್ಟಳು. ಮತ್ತೊಬ್ಬಳು ಸುಗುಣಾಳನ್ನೇ ಸಮಾಧಾನ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜನರಿಗೆ ಹೇಳಿ ಮುಗಿದಿತ್ತು. ಹನ್ನೆರಡನೆಯವಳು ನಯೇಲಿ. ಅವಳಿಗೆ ಫೋನಿನಲ್ಲಿ ಹೇಳಲು ಸುಗುಣಾಳಿಗೆ ಧೈರ್ಯ ಬರಲಿಲ್ಲ.

ನಯೇಲಿಗೆ ಆಗ ಇಪ್ಪತ್ತೊಂಬತ್ತು. ಹುಟ್ಟಿದ್ದು ಹೇವರ್ಡಿನಲ್ಲೇ, ತಂದೆತಾಯಿ ಮೆಕ್ಸಿಕೋದ ಒಹಾಕಾ ಕಡೆಯವರು. ತಂದೆ ಮಾಂಸ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದು, ಕೊರೋನಾದ ಮೊದಲ ಚಳಿಗಾಲದಲ್ಲಿ ತೀರಿಕೊಂಡ. ತಾಯಿ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಹೈಸ್ಕೂಲು ಮುಗಿಸಿದ ಬೇಸಿಗೆಯಲ್ಲೇ ನಯೇಲಿ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿಗೆ ಸೇರಿದಳು. ಕೆಲಸದ ಜೊತೆಜೊತೆಗೇ ಡಿಗ್ರಿ ಮುಗಿಸಿದಳು. ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದು ಮೂರು ಸಲ. ಎರಡು ಸಲ ಸಿಗಲಿಲ್ಲ. ಮೂರನೆಯ ಸಲದ ಅರ್ಜಿಯಲ್ಲಿ ಅವಳು ತನ್ನ ಬಗ್ಗೆ ಬರೆಯುವುದು ಬಿಟ್ಟು ಅಣ್ಣ ಎಲೀಯಾಸನ ಬಗ್ಗೆ ಬರೆದಿದ್ದಳು.

ಎಲೀಯಾಸ್ ಹದಿನಾಲ್ಕು ವರ್ಷದಿಂದ ಅಡುಗೆಮನೆಯ ಕೌಂಟರ್ ಟಾಪಿನ ಕಲ್ಲು ಕತ್ತರಿಸುತ್ತಿದ್ದ. ಬೆಟ್ಟದ ಕಲ್ಲಲ್ಲ, ಪುಡಿಮಾಡಿದ ಕ್ವಾರ್ಟ್ಜ್‌ಗೆ ಅಂಟು ಬೆರೆಸಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಕಲ್ಲು. ನೋಡಲು ಬಲು ಚೆಂದ, ಕಲೆ ಹಿಡಿಯುವುದಿಲ್ಲ. ನೀರು ಹಾಕದೆ ಕತ್ತರಿಸಿದರೆ ಹಿಟ್ಟಿನ ಹಾಗೆ ಧೂಳು ಏಳುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಅವನ ಕೆಮ್ಮನ್ನು ಒಬ್ಬ ಡಾಕ್ಟರು ಆಸ್ತಮಾ ಅಂದರು, ಇನ್ನೊಬ್ಬರು ಕ್ಷಯವೆಂದು ಆರು ತಿಂಗಳು ಮಾತ್ರೆ ನುಂಗಿಸಿದರು. ‘ಅವನು ಏನು ಕೆಲಸ ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ, ನಾನು ಕೇಳುವ ಕುರ್ಚಿಯಲ್ಲಿ ಕೂರಬೇಕು’ ಎಂದು ನಯೇಲಿ ಬರೆದಿದ್ದಳು. ಕಫ ಪರೀಕ್ಷೆಯ ಹಳೆಯ ಕೆಲಸಗಾರ್ತಿ ಸುಗುಣಾ ಆ ಸಾಲನ್ನು ಆಯ್ಕೆ ಸಮಿತಿಯ ಮುಂದೆ ಗಟ್ಟಿಯಾಗಿ ಓದಿದ್ದಳು. ಜಲ್ಲಿ ಕ್ರಷರಿನಲ್ಲಿ ದುಡಿದ ಎಷ್ಟು ಜನರ ಸ್ಲೈಡಿನ ಮೇಲೆ ತಾನು ‘ಕ್ಷಯ ಇಲ್ಲ’ ಎಂದಷ್ಟೇ ಬರೆದು ಮನೆಗೆ ಕಳಿಸಿದ್ದೆನೋ ಎಂದು ಅವಳಿಗೆ ಆ ದಿನ ಹೊಳೆದಿತ್ತು.

ಓದಿನ ಭಾಗವಾಗಿ ನಯೇಲಿ ಶನಿವಾರದ ತಪಾಸಣೆ ಶುರುಮಾಡಿದ್ದಳು. ಸ್ಯಾನ್ ಲಿಯಾಂಡ್ರೋದಿಂದ ಲಿವರ್‌ಮೋರ್‌ವರೆಗೆ ಕಲ್ಲು ಕತ್ತರಿಸುವ ಶಾಪುಗಳ ಬಾಗಿಲಿಗೆ ಹೋಗುವಳು, ಊಟದ ವ್ಯಾನಿನ ಹತ್ತಿರ ನಿಂತು ಮಾತಾಡುವಳು. ಶನಿವಾರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೊಳವೆಗೆ ಊದಿಸಿ ಉಸಿರಿನ ಬಲ ನೋಡುವಳು, ಎಕ್ಸ್‌ರೇ ತೆಗೆಸುವಳು. ಈ ದೇಶದಲ್ಲಿರಲು ಕಾಗದಪತ್ರವಿಲ್ಲದವರೇ ಹೆಚ್ಚು, ಬೇರೆ ಯಾರು ಕರೆದರೂ ಬರುವವರಲ್ಲ. ಎಂಟು ತಿಂಗಳಲ್ಲಿ ಮೂವತ್ತೇಳು ಜನ ಬಂದಿದ್ದರು. ಒಂಬತ್ತು ಜನರಲ್ಲಿ ಆ ಧೂಳಿನ ಕಾಯಿಲೆ ಸಿಕ್ಕಿತ್ತು.

ಬುಧವಾರ ಸುಗುಣಾ ಆಸ್ಪತ್ರೆಗೆ ಹೋದಳು. ಎಲೀಯಾಸ್ ಅಲ್ಲಿ ಸೇರಿ ಹನ್ನೊಂದು ದಿನವಾಗಿತ್ತು. ಶ್ವಾಸಕೋಶ ಕಸಿಯ ಪಟ್ಟಿಗೆ ಅವನ ಹೆಸರು ಸೇರಿಸುವುದೋ ಬೇಡವೋ ಎಂದು ಡಾಕ್ಟರುಗಳು ಇನ್ನೂ ತೀರ್ಮಾನಿಸಿರಲಿಲ್ಲ. ಮೂವತ್ತನಾಲ್ಕರ ಗಂಡಸು, ಭುಜ ಇನ್ನೂ ಅಗಲ. ಆದರೆ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಎರಡು ದಿಂಬಿಗೆ ಒರಗಿ, ಬಾಯಿಯಿಂದ ಉಸಿರು ಹೆಕ್ಕಿಕೊಳ್ಳುತ್ತಿದ್ದ. ಸುಗುಣಾ ನಯೇಲಿಯನ್ನು ಹೊರಗೆ ಕಾರಿಡಾರಿಗೆ ಕರೆದು ವಿಷಯ ಹೇಳಿದಳು.

ನಯೇಲಿ ಗೋಡೆಗೆ ಒರಗಿ ಕೇಳಿಸಿಕೊಂಡಳು. ಫೀಸಿನ ಮಾತು ಎತ್ತಲಿಲ್ಲ.

“ಇನ್ನು ಎಷ್ಟು ಶನಿವಾರ ಇದೆ?” ಅಂದಳು.

“ಎರಡು.”

“ಆಮೇಲೆ?”

“ಬೇಸಿಗೆ ಟರ್ಮಿಗೆ ಹದಿನೈದರೊಳಗೆ ಫೀಸು ಕಟ್ಟಲಿಲ್ಲ ಅಂದ್ರೆ ನಿನ್ನ ಹೆಸರು ತೆಗೀತಾರೆ. ಸ್ಟೂಡೆಂಟ್ ಅಲ್ಲ ಅಂದಮೇಲೆ ತಪಾಸಣೆ ನಡೆಸೋಕೆ ಪರ್ಮಿಷನ್ನೂ ಇಲ್ಲ. ಎಕ್ಸ್‌ರೇ ತೆಗೆಯೋನಿಗೂ ನಾವೇ ಕೊಡ್ತಿದ್ವಲ್ಲ, ಅದೂ ಇಲ್ಲ.”

“ಲಿವರ್‌ಮೋರಿನ ಶಾಪಿನ ಹದಿನಾಲ್ಕು ಜನ ಇನ್ನೂ ಬಂದೇ ಇಲ್ಲ, ಡೋನ್ಯಾ ಸುಗು.” ಅವಳ ದನಿ ಸಣ್ಣದಾಯಿತು. “ಓನರ್ ಬಿಡ್ತಾ ಇಲ್ಲ. ನಾನು ಗೇಟ್ ಹತ್ರ ಹೋದ್ರೆ ಫೋಟೋ ತೆಗೀತಾನೆ. ಅಲ್ಲಿ ನೀರು ಹಾಕದೆ ಕತ್ತರಿಸ್ತಾರೆ. ನನಗೆ ಗೊತ್ತು. ಅಣ್ಣ ಅಲ್ಲಿ ನಾಲ್ಕು ವರ್ಷ ಇದ್ದ.”

ಆ ಶಾಪು ಯಾವುದೆಂದು ಸುಗುಣಾಳಿಗೆ ಗೊತ್ತಿತ್ತು. ಪ್ಲೆಸೆಂಟನ್ನಿನ ಗುರುಕಿರಣ್ ತನ್ನ ಕಲ್ಲಿನ ಕೆಲಸವೆಲ್ಲ ಮಾಡಿಸುವುದು ಅಲ್ಲೇ. ಬೇ ಏರಿಯಾದ ಅರ್ಧಕ್ಕರ್ಧ ಕನ್ನಡದವರ ಅಡುಗೆಮನೆ ಹೊಸದು ಮಾಡಿಕೊಟ್ಟವನು ಗುರುಕಿರಣ್. ಸುಗುಣಾಳ ಅಡುಗೆಮನೆಯನ್ನೂ ಅವನೇ ಮಾಡಿದ್ದ. ಬೂದಿ ಗೆರೆಯ ಬಿಳಿ ಕಲ್ಲು. ಅದನ್ನು ಕತ್ತರಿಸಿದ ಕೈ ಯಾರದಿತ್ತು ಎಂದು ಒಳಗೆ ಮಲಗಿದ್ದವನನ್ನು ಕೇಳುವ ಶಕ್ತಿ ಅವಳಿಗಿರಲಿಲ್ಲ. ಕಾರಿಗೆ ಬಂದು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತಳು. ಮಾರನೆಯ ದಿನವೇ ಗುರುಕಿರಣನನ್ನು ನೋಡುವುದೆಂದು ನಿಶ್ಚಯಿಸಿದಳು.

ಗುರುಕಿರಣ್ ಮಂಡ್ಯದ ಕಡೆಯವನು, ನಲವತ್ತು ದಾಟಿದವನು. ಶೋರೂಮಿನ ಬಾಗಿಲಿಗೇ ಎದುರು ಬಂದ.

“ಬನ್ನಿ ಅಕ್ಕ, ಬನ್ನಿ. ಜಯರಾಮಣ್ಣ ಬರ್ಲಿಲ್ವಾ? ಕಾಫಿ ತರಿಸ್ತೀನಿ, ಕೂತ್ಕೊಳ್ಳಿ.”

ಸುಗುಣಾ ಕೂತಳು. ಸುತ್ತಲೂ ನಮೂನೆಯ ಕಲ್ಲುಗಳು ಪುಸ್ತಕದ ಹಾಗೆ ಸಾಲಾಗಿ ನಿಂತಿದ್ದವು. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು: ಎಲೀಯಾಸನದು, ನಯೇಲಿಯದು, ಉಳಿದ ಎರಡು ಶನಿವಾರದ್ದು. ಗುರುಕಿರಣ್ ನಡುವೆ ಬಾಯಿ ಹಾಕದೆ ಕೇಳಿದ.

“ಅಕ್ಕ, ನಾನು ಕಲ್ಲು ಕತ್ತರಿಸೋನಲ್ಲ,” ಅಂದ ಕೊನೆಗೆ. “ಡಿಸೈನ್ ಮಾಡ್ತೀನಿ, ಆರ್ಡರ್ ಕೊಡ್ತೀನಿ. ಅವ್ರು ಕಟ್ ಮಾಡಿ ತಂದು ಕೂರಿಸ್ತಾರೆ. ಆ ಶಾಪು ನಂದಲ್ಲ.”

“ನಿಂದಲ್ಲ, ಒಪ್ಕೋತೀನಿ. ಆದ್ರೆ ನೀನು ಒಂದು ಮಾತು ಹೇಳಿದ್ರೆ ಅವನು ಕೇಳ್ತಾನೆ. ಅವನ ಅರ್ಧ ಕೆಲಸ ನಿಂದೇ ತಾನೆ? ಒಂದು ಶನಿವಾರ, ಅರ್ಧ ದಿನ. ಹದಿನಾಲ್ಕು ಜನಾನೂ ಕಳಿಸು ಅನ್ನು. ಸಾಕು.”

“ಕಳಿಸಿದ್ರೆ ಅಲ್ಲಿಗೆ ನಿಲ್ಲುತ್ತಾ ಅಕ್ಕ? ಹತ್ತು ಜನಕ್ಕೆ ಕಾಯಿಲೆ ಅಂತ ಬರುತ್ತೆ. ಆಮೇಲೆ ಇನ್ಸ್‌ಪೆಕ್ಷನ್ನು, ಲಾಯರು. ಅವನು ಶಾಪು ಮುಚ್ಚಿದ್ರೆ ನನ್ನ ಮೂವತ್ತು ಕಿಚನ್ನು ಅರ್ಧಕ್ಕೆ ನಿಲ್ಲುತ್ತೆ. ನನ್ನ ಹತ್ರಾನೂ ಇಪ್ಪತ್ತೆರಡು ಜನ ಕೆಲಸಕ್ಕಿದಾರೆ. ಅವ್ರಿಗೂ ಮನೆ ಮಕ್ಕಳು ಇಲ್ವಾ?”

“ಇದ್ರೂ ಅವ್ರಿಗೆ ಉಸಿರಿದೆ ಕಣಪ್ಪಾ.”

ಗುರುಕಿರಣನ ಮುಖ ಕೆಂಪಾಯಿತು. ಎದ್ದು ಕಿಟಕಿಯ ಹತ್ತಿರ ಹೋದ. ಮತ್ತೆ ಬಂದು ಕೂತಾಗ ಅವನ ದನಿ ತಗ್ಗಿತ್ತು. “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹುಡುಗಿ ಓದು ನಿಲ್ಲಬಾರದು ಅಲ್ವಾ? ಅವಳ ಫೀಸು ನಾನು ಕಟ್ತೀನಿ. ಕೋರ್ಸ್ ಮುಗಿಯೋವರೆಗೂ. ನನ್ನ ಹೆಸರೂ ಬೇಡ, ನಮ್ಮ ಕನ್ನಡ ಸಂಘದಿಂದ ಕೊಟ್ಟಂಗೆ ಕೊಡೋಣ. ಅವಳು ಲಿವರ್‌ಮೋರ್ ಕಡೆ ಮಾತ್ರ ಬರೋದು ಬೇಡ. ಬೇರೆ ಎಷ್ಟು ಶಾಪು ಇಲ್ಲ? ಅಲ್ಲೆಲ್ಲ ಮಾಡ್ಲಿ.”

ಥೂ ಎಂದು ಎದ್ದು ಬರಬೇಕಿತ್ತು ಎಂದು ಸುಗುಣಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆದರೆ ಏಳಲಿಲ್ಲ. “ಕೇಳಿ ನೋಡ್ತೀನಿ” ಅಂದಳು. ಕಾಫಿಯನ್ನೂ ಕುಡಿದಳು.

ಫ್ರೀವೇಯಲ್ಲಿ ಮನೆಗೆ ಬರುವಾಗ ಅವಳ ಲೆಕ್ಕಾಚಾರ ಹೀಗೆ ಓಡಿತು: ನಯೇಲಿ ಓದು ಮುಗಿಸಿದರೆ ಇಲಾಖೆಯೊಳಗೆ ಹೋಗುತ್ತಾಳೆ. ಒಳಗೆ ಹೋದವಳು ಮುಂದೆ ನೂರು ಶಾಪಿನ ಬಾಗಿಲು ತೆರೆಸಬಹುದು. ಹದಿನಾಲ್ಕು ಜನ ಒಂದು ವರ್ಷ ಕಾಯಲಿ. ಮರುಕ್ಷಣವೇ ಆಸ್ಪತ್ರೆಯ ಎರಡು ದಿಂಬು ಕಣ್ಣ ಮುಂದೆ ಬಂದವು. ಒಂದು ವರ್ಷ ಎಂದರೆ ಆ ಕಾಯಿಲೆಯಲ್ಲಿ ಏನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು. ಆ ರಾಶಿ ಕಾರುಗಳ ನಡುವೆ ಅವಳು ಗಟ್ಟಿಯಾಗಿ ಅತ್ತಳು. ಕಿಟಕಿ ಮುಚ್ಚಿತ್ತು, ಯಾರಿಗೂ ಕೇಳಿಸಲಿಲ್ಲ.

ಮೊದಲ ಶನಿವಾರ ನಾಲ್ಕೇ ಜನ ಬಂದರು, ಅವರಲ್ಲಿ ಒಬ್ಬನಿಗೆ ಕಾಯಿಲೆ ಇತ್ತು. ಕಾಗದವಿಲ್ಲದವರನ್ನು ಎಲ್ಲೆಲ್ಲೋ ಹಿಡಿಯುತ್ತಾರೆ, ಗಡಿ ದಾಟಿಸುತ್ತಾರೆ ಎಂಬ ಸುದ್ದಿ ಆ ವಾರ ಜೋರಾಗಿತ್ತು; ಹೆಸರು ಕೊಟ್ಟಿದ್ದವರು ಬರಲಿಲ್ಲ. ಮಧ್ಯಾಹ್ನ ಕೊಳವೆಗಳನ್ನು ತೊಳೆದಿಡುವಾಗ ಸುಗುಣಾ ಗುರುಕಿರಣನ ಮಾತನ್ನು ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ತಲೆಯೆತ್ತಲಾಗಲಿಲ್ಲ.

ನಯೇಲಿ ಕೂಗಾಡುತ್ತಾಳೆ ಅಂದುಕೊಂಡಿದ್ದಳು. ಅವಳು ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. “ಪೂರ್ತಿ ಫೀಸಾ?” ಎಂದು ಕೇಳಿದಳು.

“ಪೂರ್ತಿ.”

“ಅಮ್ಮನಿಗೆ ಹೇಳಿದ್ರೆ ಒಪ್ಕೋ ಅಂತಾಳೆ.”

“ನೀನೇನಂತೀಯ?”

“ನನಗೂ ಒಪ್ಕೋಬೇಕು ಅನಿಸ್ತಿದೆ ಡೋನ್ಯಾ ಸುಗು. ನಾಚಿಕೆ ಆಗ್ತಿದೆ, ಆದ್ರೆ ಅನಿಸ್ತಿದೆ. ನನಗೆ ಹತ್ತು ವರ್ಷ ಆಯ್ತು ಆ ರಿಸೆಪ್ಷನ್ನಿಂದ ಎದ್ದು ಬರೋಕೆ.” ಅವಳು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. “ಸೋಮವಾರ ಹೇಳ್ತೀನಿ. ಅಣ್ಣನ್ನ ಕೇಳಬೇಕು.”

ಸೋಮವಾರ ಅವಳೇ ಫೋನು ಮಾಡಿ ಸುಗುಣಾಳನ್ನು ಆಸ್ಪತ್ರೆಗೆ ಕರೆದಳು. ಎಲೀಯಾಸನ ಮಂಚದ ಪಕ್ಕ ಅವರ ತಾಯಿ ಕೂತಿದ್ದಳು; ಕುಳ್ಳಗಿನ, ಮಾತಿಲ್ಲದ ಹೆಂಗಸು, ಬೆರಳುಗಳು ಸೋಪಿಗೆ ಬಿರಿದಿದ್ದವು. ಅವಳ ಕಣ್ಣು ಅತ್ತು ಊದಿದ್ದವು. ಅವಳು ಒಪ್ಪಿಕೋ ಅಂದಿದ್ದಳು. ಇರುವ ಇಬ್ಬರಲ್ಲಿ ಒಬ್ಬಳಾದರೂ ದಡ ಸೇರಲಿ ಎಂದು. ಎಲೀಯಾಸ್ ಬೇಡ ಎಂದಿದ್ದ. ಬೇಡ ಎಂದದ್ದಷ್ಟೇ ಅಲ್ಲ, ತನ್ನ ಫೋನು ಕೊಡು ಎಂದು ಕೈ ಚಾಚಿದ್ದ.

ಆ ಹದಿನಾಲ್ಕು ಜನರಲ್ಲಿ ಹನ್ನೊಂದು ಜನರ ನಂಬರು ಅವನಲ್ಲಿತ್ತು. ಒಬ್ಬೊಬ್ಬರಿಗೇ ಮಾಡಿದ. ಸುಗುಣಾ ಮಂಚದ ಕಾಲ ಬಳಿ ನಿಂತು ನೋಡಿದಳು. ಅವನಿಗೆ ಮಾತಾಡಲು ಆಗುತ್ತಿರಲಿಲ್ಲ; ನಾಲ್ಕು ಪದಕ್ಕೊಮ್ಮೆ ನಿಲ್ಲಬೇಕು. “ನಾನು, ಎಲೀಯಾಸ್,” ಅನ್ನುತ್ತಿದ್ದ. “ಕೇಳಿಸ್ಕೋ.” ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಸುಮ್ಮನೆ ಉಸಿರಾಡುತ್ತಿದ್ದ. ಒಳಗೆ ಹೋಗುವಾಗ ಸಿಳ್ಳೆಯ ಹಾಗೆ, ಹೊರಗೆ ಬರುವಾಗ ಒಣ ಎಲೆ ತುಳಿದ ಹಾಗೆ. ಆ ಕಡೆಯವರು ಎಷ್ಟು ಕೂಗಿದರೂ ಸ್ವಲ್ಪ ಹೊತ್ತು ಹಾಗೆಯೇ ಕೇಳಿಸಿ, “ಶನಿವಾರ. ನನ್ನ ತಂಗಿ ಹತ್ರ. ಹೋಗು” ಎಂದು ಇಡುತ್ತಿದ್ದ. ಆರನೆಯವನಿಗೆ ಮಾಡುವ ಹೊತ್ತಿಗೆ ಮಂಚದ ಪಕ್ಕದ ಉಸಿರಿನ ಯಂತ್ರ ಕೂಗತೊಡಗಿತು. ನರ್ಸು ಓಡಿಬಂದು ಫೋನು ಕಿತ್ತುಕೊಂಡಳು. ಅರ್ಧ ಗಂಟೆ ಬಿಟ್ಟು ಅವನು ಮತ್ತೆ ಕೈ ಚಾಚಿದ. ನಯೇಲಿ ನರ್ಸಿನ ಕಡೆ ನೋಡಿದಳು. ನರ್ಸು ಪರದೆ ಎಳೆದು ಹೊರಗೆ ಹೋದಳು.

ಅಂದು ಸಂಜೆಯೇ ಸುಗುಣಾ ಗುರುಕಿರಣನಿಗೆ ಮೆಸೇಜು ಕಳಿಸಿದಳು. ‘ಆಗಲ್ಲಪ್ಪ. ಕ್ಷಮಿಸು.’ ಯಾತಕ್ಕೆ ಕ್ಷಮೆ ಕೇಳಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಕಡೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನ ಹಿಂದೆ ಯಾರೂ ಇರಲಿಲ್ಲ. ಒಂಬತ್ತಕ್ಕೂ ಇಲ್ಲ. ಎಕ್ಸ್‌ರೇ ತೆಗೆಯುವವನು ಗಡಿಯಾರ ನೋಡುತ್ತಿದ್ದ. ನಯೇಲಿ ಒಂದೇ ಕಾಗದವನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಹತ್ತೂವರೆಗೆ ಎರಡು ಪಿಕಪ್ ಟ್ರಕ್ಕು ಬಂದು ನಿಂತವು. ಇಳಿದವರು ಒಂಬತ್ತು ಜನ. ಸೀದಾ ಕೆಲಸದಿಂದ ಎದ್ದು ಬಂದಿದ್ದರು. ಹುಬ್ಬು, ಕಿವಿಯ ಸಂದು, ಬೂಟಿನ ಲೇಸು ಎಲ್ಲ ಬೆಳ್ಳಗಿತ್ತು. ಓನರು ಕೂಗಾಡಿದನಂತೆ, ಸೋಮವಾರ ಬರಬೇಡಿ ಅಂದನಂತೆ. ಅವರಲ್ಲಿ ಹಿರಿಯ ನಯೇಲಿಗೆ ಹೇಳಿದ: “ನಿನ್ನ ಅಣ್ಣನ ಉಸಿರು ಐದು ದಿನದಿಂದ ನನ್ನ ಕಿವಿ ಬಿಟ್ಟು ಹೋಗ್ತಾ ಇಲ್ಲ.”

ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಮುಗಿಯಿತು. ಎಕ್ಸ್‌ರೇ ಓದಲು ಬಂದಿದ್ದ ಡಾಕ್ಟರು ಫಿಲ್ಮುಗಳನ್ನು ಎರಡು ಕಡೆ ಇಟ್ಟರು. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಐದು. ಆ ಐದರಲ್ಲಿ ಒಬ್ಬನಿಗೆ ಇಪ್ಪತ್ತಮೂರು ವರ್ಷ.

ನಯೇಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದಳು. ಸುಗುಣಾ ನೀರಿನ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಇಪ್ಪತ್ತಮೂರರ ಹುಡುಗ ಎಲ್ಲ ಕೇಳಿಸಿಕೊಂಡು, ವಿನಯದಿಂದ ಒಂದೇ ಪ್ರಶ್ನೆ ಕೇಳಿದ.

“ಹಾಗಾದ್ರೆ ಸೋಮವಾರ ಕೆಲಸಕ್ಕೆ ಹೋಗಬಹುದಾ?”

ಹೋಗಬೇಡ ಎನ್ನುವುದು ಸುಲಭ. ಮತ್ತೆ ಎಲ್ಲಿಗೆ ಹೋಗು ಎಂದು ಹೇಳುವುದು? ಕಾಗದವಿಲ್ಲದವನಿಗೆ ಪಿಂಚಣಿ ಇಲ್ಲ, ರಜೆ ಇಲ್ಲ. ಮುಂದಿನ ಶನಿವಾರ ಬಾ, ಏನಾದರೂ ದಾರಿ ನೋಡೋಣ ಎನ್ನಲು ಮುಂದಿನ ಶನಿವಾರವೇ ಇರಲಿಲ್ಲ. “ಬೇಡ,” ಅಂದಳು ನಯೇಲಿ. “ಹೋಗಲೇಬೇಡ. ನಾನು ಫೋನ್ ಮಾಡ್ತೀನಿ.” ಹುಡುಗ ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೋದ. ಅವನು ನಂಬಲಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ನಯೇಲಿ ಕಾರಿಡಾರಿನ ನೆಲದ ಮೇಲೆ ಕೂತುಬಿಟ್ಟಳು. ಸುಗುಣಾ ಮಂಡಿ ನೋವನ್ನೂ ಮರೆತು ಪಕ್ಕದಲ್ಲಿ ಕೂತಳು.

“ನಾನು ಅವರಿಗೆ ಏನು ಕೊಟ್ಟೆ?” ಅಂದಳು ನಯೇಲಿ. “ಕಾಯಿಲೆ ಹೆಸರು ಕೊಟ್ಟೆ. ಇದ್ದ ಕೆಲಸ ಕಿತ್ಕೊಂಡೆ.”

ಸುಗುಣಾ ಅವಳ ತಲೆ ಸವರಿದಳು. ಕೂದಲಿಗೆ ಆ ಗಂಡಸರ ಮೈಮೇಲಿನ ಬಿಳಿ ಧೂಳು ಹತ್ತಿತ್ತು. ಎದ್ದು ಒದ್ದೆ ಬಟ್ಟೆ ತಂದು ಒರೆಸಿದಳು.

ಮರುದಿನ ಗುರುಕಿರಣ್ ಜಯರಾಮನಿಗೆ ಫೋನು ಮಾಡಿದ್ದ. ಜಯರಾಮ್ ಜಗಳವಾಡುವ ಮನುಷ್ಯನಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ.

“ನೀನು ಮಾಡಿದ್ದು ತಪ್ಪು ಅಂತ ಹೇಳಲ್ಲ ಸುಗುಣಾ. ಆದ್ರೆ ಅವನು ನಮ್ಮನೇಲಿ ಉಂಡೋನು. ಅವನ ಬಿಸಿನೆಸ್ಸಿಗೆ ಏಟು ಬೀಳುತ್ತೆ.”

“ಹೂಂ.”

“ಸಂಘದಲ್ಲಿ ಎಲ್ಲರೂ ಮಾತಾಡ್ತಾರೆ.”

“ಆಡ್ಲಿ ಬಿಡಿ. ಸಾರು ಹಾಕ್ಲಾ?”

ಜನ ಮಾತಾಡಿದರು. ಮೇ ತಿಂಗಳಲ್ಲಿ ಲಿವರ್‌ಮೋರಿನ ದೇವಸ್ಥಾನದಲ್ಲಿ ಪರಿಚಯದ ಇಬ್ಬರು ಹೆಂಗಸರು ಅವಳನ್ನು ಕಂಡೂ ಕಾಣದವರ ಹಾಗೆ ಪ್ರದಕ್ಷಿಣೆ ಹೋದರು. ಅಷ್ಟರಲ್ಲಿ ಸುಗುಣಾಳ ಕೆಲಸವೂ ಹೋಗಿತ್ತು. ಕಡೆಯ ದಿನ ಅವಳು ಏಳು ವರ್ಷದ ಫೈಲುಗಳನ್ನು ಡಬ್ಬಿಗಳಿಗೆ ತುಂಬಿ, ಎಂಬತ್ತೊಂದು ಫೆಲೋಗಳ ಹೆಸರನ್ನು ಡಬ್ಬಿಯ ಮೇಲೆ ಕೈಯಲ್ಲೇ ಬರೆದು ಬಂದಿದ್ದಳು. ಯಾರೂ ಹಾಗೆ ಬರೆ ಎಂದಿರಲಿಲ್ಲ.

ನಯೇಲಿ ಹದಿನೈದನೇ ತಾರೀಕಿಗೆ ತನ್ನ ವರದಿ ಒಪ್ಪಿಸಿದಳು. ಐವತ್ತು ಜನರ ತಪಾಸಣೆ, ಹದಿನೈದು ಜನರಲ್ಲಿ ಕಾಯಿಲೆ. ವಿಶ್ವವಿದ್ಯಾಲಯದವರು ಮರುಕದಿಂದಲೇ ಮಾತಾಡಿದರು. ಒಂದು ವರ್ಷ ಬಿಡುವು ಎಂದು ಬರೆದುಕೊಟ್ಟರು. ಫೀಸು ತಂದರೆ ಮತ್ತೆ ಬರಬಹುದು. ವರದಿ ಇಲಾಖೆಗೆ ಹೋಯಿತು. ಜುಲೈಯಲ್ಲಿ ಇನ್ಸ್‌ಪೆಕ್ಟರುಗಳು ಲಿವರ್‌ಮೋರಿನ ಆ ಶಾಪಿಗೆ ಹೋದರು. ಮೂರು ವಾರ ಬಾಗಿಲು ಮುಚ್ಚಿಸಿ, ನೀರಿನ ಪೈಪು ಹಾಕಿಸಿದ ಮೇಲೆ ತೆರೆಯಲು ಬಿಟ್ಟರು. ಕಾಯಿಲೆ ಸಿಕ್ಕ ಐದು ಜನರಲ್ಲಿ ಮೂವರು ಕಲ್ಲಿನ ಕೆಲಸ ಬಿಟ್ಟರು. ಒಬ್ಬ ಊರಿಗೆ ಹೋದ. ಇಪ್ಪತ್ತಮೂರರ ಹುಡುಗ ಇನ್ನೊಂದು ಶಾಪಿನಲ್ಲಿ ಕತ್ತರಿಸುತ್ತಿದ್ದಾನೆ, ಬೇರೆ ಹೆಸರು ಹೇಳಿಕೊಂಡು.

ಇದನ್ನೆಲ್ಲ ನೋಡಲು ಎಲೀಯಾಸ್ ಇರಲಿಲ್ಲ. ಮೇ ಕೊನೆಗೆ ಅವನ ಹೆಸರು ಕಸಿಯ ಪಟ್ಟಿಗೆ ಸೇರಿತ್ತು. ಜೂನ್ ಒಂಬತ್ತರ ಬೆಳಿಗ್ಗೆ, ತಾಯಿ ಅವನಿಗೆ ಗಡ್ಡ ಹೆರೆಯುತ್ತಿದ್ದಾಗ, ಉಸಿರು ನಿಂತಿತು. ಚರ್ಚಿನಲ್ಲಿ ಸುಗುಣಾ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಕಲ್ಲು ಕತ್ತರಿಸುವವರು ಇಡೀ ಎರಡು ಸಾಲು ತುಂಬಿದ್ದರು. ಪ್ರಾರ್ಥನೆಗಿಂತ ಅವರ ಕೆಮ್ಮೇ ಹೆಚ್ಚು ಕೇಳಿಸುತ್ತಿತ್ತು. ತಾಯಿ ಸುಗುಣಾಳನ್ನು ಗುರುತು ಹಿಡಿದು ಹತ್ತಿರ ಬಂದಳು. ಬೈಯಬಹುದು ಎಂದು ಸುಗುಣಾ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೈಹಿಡಿದು, “ಊಟ ಮಾಡಿ ಹೋಗಿ” ಅಂದಳು.

ಆಗಸ್ಟಿನಲ್ಲಿ ನಯೇಲಿ ಕ್ಲಿನಿಕ್ಕಿನ ರಿಸೆಪ್ಷನ್ನಿಗೆ ವಾಪಸು ಹೋದಳು. ಅದೇ ಕುರ್ಚಿ, ಅದೇ ಗಾಜಿನ ಕಿಟಕಿ. ವಿಮೆ ಕಾರ್ಡು ಕೊಡಿ, ಹುಟ್ಟಿದ ತಾರೀಕು ಹೇಳಿ, ಕೂತಿರಿ ಕರೀತಾರೆ ಎನ್ನುವ ಕೆಲಸ. ಫೆಲೋಶಿಪ್ಪಿನ ಉಳಿದ ಹನ್ನೊಂದು ಜನರಲ್ಲಿ ನಾಲ್ವರು ಹೇಗೋ ಸಾಲ ಮಾಡಿ ಓದು ಮುಗಿಸಿದರು. ಒಬ್ಬ ಟ್ಯಾಕ್ಸಿ ಓಡಿಸುತ್ತಿದ್ದಾನೆ. ಮಿಕ್ಕವರ ಸುದ್ದಿ ಇಲ್ಲ.

ಸುಗುಣಾ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದಾಳೆ. ಐವತ್ನಾಲ್ಕರ ಹೆಂಗಸನ್ನು ಯಾರೂ ಕರೆಯುತ್ತಿಲ್ಲ. ಆದರೆ ಅವಳ ಫೋನು ಮಾತ್ರ ಸುಮ್ಮನಿಲ್ಲ. ಶನಿವಾರದ ತಪಾಸಣೆಯ ಚೀಟಿಗಳಲ್ಲಿ ಅವಳ ನಂಬರು ಅಚ್ಚಾಗಿತ್ತು. ಆ ಚೀಟಿಗಳು ಕೈಯಿಂದ ಕೈಗೆ ಎಲ್ಲೆಲ್ಲೋ ಹೋಗಿ ಸೇರಿವೆ. ಕಾರ್ಯಕ್ರಮ ನಿಂತುಹೋಗಿದೆ ಎಂದು ಅವಳು ಮೊದಲ ಐದಾರು ಜನರಿಗೆ ಹೇಳಿದಳು. ಸರಿ ಎಂದು ಅವರು ಮರುಮಾತಿಲ್ಲದೆ ಇಟ್ಟುಬಿಡುತ್ತಿದ್ದ ರೀತಿಯನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

ಮೊನ್ನೆ ಬೆಳಿಗ್ಗೆ ಅವಳು ಹುಳಿಗೆ ಬೇಳೆ ತೊಳೆಯುತ್ತಿದ್ದಾಗ ಒಬ್ಬನ ಫೋನು ಬಂತು. ದೂರದ ಊರಿನವನು, ಕೆಮ್ಮುತ್ತ ಮಾತಾಡಿದ. “ಕಲ್ಲಿನವರಿಗೆ ಊದಿಸಿ ನೋಡೋದು ಇಲ್ಲೇನಾ, ಸೆನ್ಯೋರಾ?”

ಇಲ್ಲ ಎಂಬ ಮಾತು ಅವಳ ಬಾಯಿಗೆ ಬಂದಿತ್ತು. ಒಂದು ನಿಮಿಷ ಎಂದು ಅವನನ್ನು ಕಾಯಿಸಿ, ಇನ್ನೊಂದು ಫೋನಿನಿಂದ ಕ್ಲಿನಿಕ್ಕಿಗೆ ಮಾಡಿದಳು. ನಯೇಲಿ ಎತ್ತಿದಳು. ಹಿಂದೆ ಮಗುವೊಂದು ಅಳುತ್ತಿತ್ತು.

“ಇನ್ನೊಬ್ಬ,” ಅಂದಳು ಸುಗುಣಾ.

ನಯೇಲಿ ದನಿ ತಗ್ಗಿಸಿದಳು. “ಗುರುವಾರ ಬೆಳಿಗ್ಗೆ ಏಳೂವರೆಗೆ ಬರೋಕೆ ಹೇಳಿ. ಬರೀ ಕೆಮ್ಮು ಅಂತ ಬರ್ಕೋತೀನಿ, ಡಾಕ್ಟರ್ ನೋಡ್ತಾರ ಇಲ್ವಾ ಗೊತ್ತಿಲ್ಲ. ಅವನ ಹೆಸರೇನು?”

“ಕೇಳ್ತೀನಿ ಇರು,” ಎಂದು ಸುಗುಣಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಪೆನ್ನು ಹುಡುಕಿದಳು.